ಎರಡು ವರ್ಷದ ಓದಿಗೆ ಮೂರು ತಿಂಗಳ ವೀಸಾ

ಚಂದಾಪುರದ ಚನ್ನಕ್ಕನಿಗೆ ಬೆಳಗಿನಿಂದ ತಲೆಯೇ ಓಡುತ್ತಿರಲಿಲ್ಲ. ಮಗಳು ಮಂಜುಶ್ರೀಗೆ ಫ್ರಾನ್ಸಿನ ಕಾಲೇಜಿನಲ್ಲಿ ಎರಡು ವರ್ಷ ಓದಲು ಸೀಟು ಸಿಕ್ಕಿತ್ತು. ಸಂತೋಷವೇ. ಆದರೆ ಏಜೆಂಟ್ ಕೊಟ್ಟ ಕಾಗದಗಳನ್ನು ಜಗಲಿಯ ಮೇಲೆ ಹರಡಿಕೊಂಡರೆ ಯಾವುದು ಮೊದಲು, ಯಾವುದು ಆಮೇಲೆ, ಒಂದೂ ತಿಳಿಯದು. ಸಂಜೆಯೊಳಗೆ ಮಗಳ ಸಹಿ ಬೇಕಂತೆ.

ಮಂಜುಶ್ರೀ ಅರ್ಜಿ ಓದಿ ಹೇಳಿದಳು: "ಹೋಗುವ ಉದ್ದೇಶ, ಪ್ರವಾಸ."

"ಪ್ರವಾಸನಾ? ನೀನು ಓದಕ್ಕಲ್ವೇನೇ ಹೋಗ್ತಿರೋದು?"

"ಅದು ಅಂಗೇ ಕಣೆ," ಎಂದ ಗಂಡ ಸೊಣ್ಣಪ್ಪ. "ಟೂರಿಸ್ಟ್ ವೀಸಾ ಬೇಗ ಸಿಗ್ತದಂತೆ. ಅಲ್ಲಿಗೆ ಹೋದ್ಮೇಲೆ ಬದ್ಲಾಯಿಸ್ಕೊಂಡ್ರಾಯ್ತು. ನಮ್ಮ ರೂಮುಗಳಿಗೆ ಬರೋರಿಗೂ ಅಂಗೇ ತಾನೆ? ಮೊದ್ಲು ಸಾಮಾನು ಇಳ್ಸಿ ಅಂತೀವಿ, ಅಗ್ರಿಮೆಂಟು ತಿಂಗ್ಳಾದ್ಮೇಲೆ."

ಹೌದಲ್ಲ ಅನ್ನಿಸಿತು ಚನ್ನಕ್ಕನಿಗೆ. ಹಿತ್ತಲಿನ ಎಂಟು ರೂಮುಗಳನ್ನು ಬಾಡಿಗೆಗೆ ಕೊಟ್ಟಿರುವುದು ಹಾಗೆಯೇ. ಆದರೂ ಮನಸ್ಸು ಒಪ್ಪಲಿಲ್ಲ. ಆ ಹೊತ್ತಿಗೆ ಮೂರನೇ ರೂಮಿನ ಶಾಂತಿ ನೀರು ಹಿಡಿಯಲು ಬಂದಳು. ಹೊರದೇಶಕ್ಕೆ ಓದಲು ಹೋಗುವವರ ಕಾಗದಪತ್ರ ನೋಡುವುದೇ ಕಾಲೇಜೊಂದರಲ್ಲಿ ಅವಳ ಕೆಲಸ.

"ಬಾರಮ್ಮ ಇಲ್ಲಿ. ನಂಗೆ ಕಣ್ಕಟ್ದಂಗಾಗೈತೆ."

ಶಾಂತಿ ಕೊಡ ಕೆಳಗಿಟ್ಟು ಅರ್ಜಿ ತಿರುವಿದಳು. "ಅಕ್ಕ, ಸಹಿ ಹಾಕ್ಬಿಟ್ಟಳಾ?"

"ಇಲ್ಲ."

"ಬಚಾವಾದ್ರಿ. ಇದು ಮೂರು ತಿಂಗ್ಳೊಳಗೆ ಸುತ್ತಾಡ್ಕೊಂಡು ಬರೋರ ವೀಸಾ. ಓದೋಕೆ ದೀರ್ಘಾವಧಿ ವಿದ್ಯಾರ್ಥಿ ವೀಸಾ ಅಂತ ಬೇರೇನೇ ಇದೆ. ಅದನ್ನ ಇಲ್ಲಿಂದ್ಲೇ ಮಾಡಿಸ್ಕೊಂಡು ಹೋಗ್ಬೇಕು."

"ಆ ಏಜೆಂಟು ಇಪ್ಪತ್ತು ಜನನ ಕಳ್ಸವ್ನೆ!" ಸೊಣ್ಣಪ್ಪ ಗುರ್ರೆಂದ.

"ಇರ್ಬೋದಣ್ಣ. ಹೋದ ಯುಗಾದಿಗೆ ನನ್ ತಂಗಿ ಬಂದು ನಾಲ್ಕು ದಿನ ಇದ್ಲಲ್ಲ, ಐದನೇ ದಿನ ನೀವೇನಂದ್ರಿ?"

ಸೊಣ್ಣಪ್ಪ ಹಲ್ಲಿ ಹುಡುಕುವವನಂತೆ ಸೂರು ನೋಡಿದ. ಚನ್ನಕ್ಕನೇ ಬಾಯಿಬಿಟ್ಟಳು. "'ನೆಂಟ್ರಾ, ಬಾಡ್ಗೆಯೋರಾ? ನೆಂಟ್ರಾದ್ರೆ ಊರಿಗೆ ಕಳ್ಸು' ಅಂದ್ರು. ಅದೂ ಬಾಗ್ಲಾಗೇ ನಿಂತ್ಕೊಂಡು!"

ಮಂಜುಶ್ರೀ ನಕ್ಕುಬಿಟ್ಟಳು.

"ಅಲ್ಲಿನೋರೂ ಅದನ್ನೇ ಕೇಳೋದು," ಎಂದಳು ಶಾಂತಿ. "ಅಲ್ಲಿ ಹೋಗಿ ಬದ್ಲಾಯಿಸೋಕೆ ಸಾಮಾನ್ಯವಾಗಿ ಬಿಡಲ್ಲ, ವಾಪಸ್ ಬರ್ಬೇಕಾಗತ್ತೆ. ಸುಳ್ಳು ಬರ್ದಿದ್ದು ಗೊತ್ತಾದ್ರೆ ಮುಂದಿನ ಅರ್ಜಿಗೂ ಏಟು. ಸಹಿ ಇವಳದು, ತಪ್ಪೂ ಇವಳ ತಲೆಗೇ."

ಚನ್ನಕ್ಕ ಆ ಅರ್ಜಿಯನ್ನು ಪಕ್ಕಕ್ಕೆ ಸರಿಸಿದಳು. "ಅಂಗಾರೆ ಏನೇನು ಬೇಕಮ್ಮ?"

"ಪಾಸ್‌ಪೋರ್ಟು, ಕಾಲೇಜಿನ ಪ್ರವೇಶ ಪತ್ರ, ಖರ್ಚು ಯಾರು ನೋಡ್ಕೊಳ್ತಾರೆ ಅನ್ನೋದಕ್ಕೆ ಪುರಾವೆ, ಉಳಿಯೋ ಜಾಗದ ವಿವರ. ಪೂರ್ತಿ ಪಟ್ಟಿ ಆ ದೇಶದ ಸರ್ಕಾರದ ಅಧಿಕೃತ ವೀಸಾ ವೆಬ್‌ಸೈಟಲ್ಲಿರತ್ತೆ."

ಚನ್ನಕ್ಕನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡಳು. ಮೂರನೇ ಸಲಕ್ಕೆ ಸೊಣ್ಣಪ್ಪನೂ ಹತ್ತಿರ ಬಂದು ಕೂತ.

ಸಂಜೆ ಏಜೆಂಟ್ ಫೋನ್ ಮಾಡಿದಾಗ ಸೊಣ್ಣಪ್ಪನೇ ಎತ್ತಿಕೊಂಡ. "ಸಹಿ ಇಲ್ಲ ಸಾರ್. ನಮ್ಮುಡ್ಗಿ ಅಲ್ಲಿಗೆ ನೆಂಟ್ಳಾಗಿ ಹೋಗ್ತಿಲ್ಲ, ಓದಕ್ಕೆ ಹೋಗ್ತಾವ್ಳೆ." ಫೋನ್ ಇಟ್ಟು ಮೂರನೇ ರೂಮಿನ ಕಡೆ ಕೂಗಿದ: "ಶಾಂತೀ, ನಿನ್ ತಂಗಿ ಮತ್ತೆ ಬಂದ್ರೆ ಒಂದು ವಾರ ಇರ್ಲಿ ಬಿಡು!"

ನಿಮ್ಮ ಮನೆಯ ಮಕ್ಕಳೂ ಹೊರದೇಶಕ್ಕೆ ಓದಲು ಹೊರಟಿದ್ದಾರೆಯೇ? ಇಷ್ಟೊಂದು ಕಾಗದ ನೋಡಿದರೆ ಯಾರಿಗಾದರೂ ಗೊಂದಲವಾಗುತ್ತದೆ, ನಾಚಿಕೆಪಡಬೇಡಿ. ತಿಂಗಳುಗಳ ಮೊದಲೇ ಶುರುಮಾಡಿ. ಅರ್ಜಿಯಲ್ಲಿ ಏನು ಬರೆದಿದೆ ಎಂದು ಓದಿಸಿ ಕೇಳಿ. ಓದಲು ಹೋಗುವವರಿಗೆ ಓದಿನ ವೀಸಾನೇ ಆಗಬೇಕು. ಅರ್ಥವಾಗುವವರೆಗೆ ಸಹಿ ಹಾಕಬೇಡಿ.