ಇಲಿ ತಿಂದ ಮೂಲೆ

ರೇಷ್ಮೆಗೂಡು ಬೇಯಿಸುವ ವಾಸನೆ ಬಂತು, ಅಂದರೆ ಗಾಳಿ ತಿರುಗಿತು, ಜಗಲಿಯ ಬಿಸಿಲು ಬೀದಿಗಿಳಿಯಿತು, ನಾನಿನ್ನೂ ಈ ಬಟ್ಟೆಗಂಟಿನ ಮುಂದೆಯೇ ಕೂತಿದ್ದೇನೆ, ಬೆಳಗಿನಿಂದ ಆರಿಸಿದ್ದು ಮೂರೇ ತುಂಡು — ಮಾವನವರ ರುಮಾಲು, ಇವರ ಹಳೇ ಪಂಚೆ ಎರಡು — ಹೀಗೆ ಆರಿಸುತ್ತಾ ಕೂತರೆ ಮಗಳ ಕೂಸು ಹುಟ್ಟಿ, ಅಂಬೆಗಾಲಿಟ್ಟು, ಇಸ್ಕೂಲಿಗೆ ಹೋದ ಮೇಲೆ ಕೌದಿ ಮುಗಿದೀತು. ಇದು ಯಾವುದು, ಯುದ್ಧದ ಕಾಲದ ಕಂಟ್ರೋಲ್ ಬಟ್ಟೆ, ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ತಂದದ್ದು, ಎಷ್ಟು ಒಗೆದರೂ ಗೋಣಿಯ ಹಾಗೇ ಇದೆ, ಹುಟ್ಟುಗುಣ ಸುಟ್ಟರೂ ಹೋಗಲ್ಲ, ಆಚೆಗಿಡು. ಕೆನ್ನೆಗೆ ಒತ್ತಿ ನೋಡು ಪುಟ್ಟಮಲ್ಲಿ, ಅಂಗೇ ಕಣ್ಣು ಮುಚ್ಕಬೇಕು ಅನ್ನುಸ್ಬೇಕು, ಅಂತಾ ಬಟ್ಟೆ ತಕ, ಒಸ ಬಟ್ಟೆ ಕೂಸಿನ ಮೈ ಕೆರೀತದೆ — ಅವ್ವ ಹೇಳುತ್ತಿದ್ದಳು, ಯಳಂದೂರಿನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ, ಹೆಬ್ಬೆರಳಿಗೆ ನೂಲು ಸಿಕ್ಕಿಸಿ, ಹಳೇ ಸೀರೆಯಿಂದ ಎಳೆ ಬಿಡಿಸಿ ಬಿಡಿಸಿ ಮೂರೆಳೆ ಸೇರಿಸಿ ತೊಡೆಯ ಮೇಲೆ ಹೊಸೆಯುತ್ತಾ, ಅವಳ ತೊಡೆ ಅಷ್ಟು ಜಾಗದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ನಾನು ಮಲಗುತ್ತಿದ್ದ ಕೌದಿಯೂ ಅವಳು ಹೊಲಿದದ್ದೇ, ನಾಲ್ಕು ಮೂಲೆಗೂ ಕೆಂಪು ಚೌಕಳಿ ಬಟ್ಟೆ, ಒಂದು ಮೂಲೆ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದೆನಂತೆ.

ಅವ್ವೋ, ರೇಸ್ಮೆ ದಾರದಲ್ಲೇ ಒಲಿಯವ್ವ, ಅನೂರಲ್ಲಿ ನಮ್ಮತ್ತೆ ಕಣ್ಣು ಬುಟ್ಕಂಡು ನೋಡ್ಬೇಕು — ಒಳಗಿನಿಂದ ಮಗಳು ಶಿವರತ್ನ, ಏಳು ತಿಂಗಳಿಗೆ ಹನೂರಿನಿಂದ ಹೆರಿಗೆಗೆ ಬಂದವಳು, ಮಲಗಿದ್ದಲ್ಲಿಂದಲೇ ಹುಕುಂ. ಅವಳಪ್ಪ ಆಗಲೇ ಬಂಗಾರದ ಬಣ್ಣದ ರೇಷ್ಮೆ ದಾರದ ಲಡಿ ತಂದು ನನ್ನ ಮಡಿಲಿಗೆ ಹಾಕಿ ಹೋಗಿದ್ದಾರೆ, ರೇಷ್ಮೆ ವ್ಯಾಪಾರದ ಸದಾಶಿವಪ್ಪನ ಮನೇಲಿ ಹತ್ತಿ ನೂಲೇ, ಆಡ್ಕಂಡು ನಗ್ತಾರೆ ಕಣೆ, ಅಂದರು. ಇಪ್ಪತ್ತು ವರ್ಷದ ಹಿಂದೆಯೂ ಇದೇ ಮಾತು, ಇದೇ ಬಣ್ಣದ ಲಡಿ, ಹೊಲಿಯುತ್ತಿದ್ದವಳು ನಾನು, ಹೊಟ್ಟೆಯಲ್ಲಿದ್ದವಳು ಇವಳು. ಅವ್ವ ನನ್ನನ್ನು ಹೆರಿಗೆಗೆ ಕರೆದೊಯ್ಯಲು ಗಾಡಿ ಕಟ್ಟಿಸಿಕೊಂಡು ಕೊಳ್ಳೇಗಾಲಕ್ಕೆ ಬಂದಳು, ಇದ್ಯಾವ ದೇಸಕ್ಕೆ ಕೊಟ್ನವ್ವ ನಿನ್ನ, ಒಳೆ ದಾಟುದ್ರೆ ಕೊಯಮತ್ತೂರು ಜಿಲ್ಲೆ, ಅಂದುಕೊಂಡೇ ಇಳಿದಳು, ಮಡಿಲಿಂದ ಒಂದು ಉಂಡೆ ತೆಗೆದಳು, ನೂಲಿನ ಉಂಡೆ, ಮಣ್ಣಿನ ಬಣ್ಣ, ಬೇಲದ ಹಣ್ಣಿನ ಗಾತ್ರ, ಇದ್ರಲ್ಲಿ ಒಲಿ ಪುಟ್ಟಮಲ್ಲಿ, ಅಳೇ ಬಟ್ಟೆಗೆ ಅಳೇ ನೂಲು, ಎರಡೂ ಜೊತೇಲಿ ಸವೀಬೇಕು, ಉಂಡೆ ಮುಗಿಯೋಗಂಟ ಒಲಿ, ಮುಗ್ದಾಗ ಮೂಲೆಗೆ ಏನಿಡ್ಬೇಕು ಅಂತ ನಿಂಗೇ ಗೊತ್ತಾಯ್ತದೆ. ನಾನು ನಕ್ಕೆ. ಅತ್ತೆಯ ಮುಂದೆ, ಅತ್ತೆಯ ಮುಖ ನೋಡಿಕೊಂಡು ನಕ್ಕೆ, ಇದೇನವ್ವ ಸಗಣಿ ಉಂಡೆ, ನಮ್ಮನೇಲಿ ದಾರಕ್ಕೇನು ಬರವಾ — ನಮ್ಮನೆ! ಮದುವೆಯಾಗಿ ಒಂದೂವರೆ ವರ್ಷ, ಆಗಲೇ ನಮ್ಮನೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು, ನೆಗಡಿಯಂತೆ.

ನಾನು ಹೊಲಿದ ಕೌದಿ ಮಿರಮಿರ ಮಿಂಚುತ್ತಿತ್ತು, ಯಳಂದೂರಿನ ಬೀದಿಯ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿ ಹೋದರು, ನಾನೋ ಬಾಣಂತಿ ಮಂಚದ ಮೇಲೆ ಮಹಾರಾಣಿ. ಐದನೇ ತಿಂಗಳಿಗೆ, ಒಗೆದು ಹಿಂಡುವಾಗ, ಪರ್ ಅಂತ — ರೇಷ್ಮೆ ಗಟ್ಟಿ, ಹಳೇ ಬಟ್ಟೆ ಮೆತ್ತಗೆ, ಬೆಂದ ಕಡುಬನ್ನು ದಾರದಲ್ಲಿ ಕುಯ್ದ ಹಾಗೆ ಸಾಲು ಸಾಲಾಗಿ ಕುಯ್ದಿತ್ತು, ದಾರ ಮಾತ್ರ ಹೊಸದರ ಹಾಗೇ ಹೊಳೆಯುತ್ತಿತ್ತು ಮುಂಡೇದು. ನಾ ಏಳಿರ್ಲಿಲ್ವಾ ಅಂತ ಅವ್ವ ಒಂದು ಮಾತು ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಕೂಸನ್ನು ನನ್ನ ಹಳೇ ಕೌದಿಯಲ್ಲಿ ಸುತ್ತಿದಳು, ಮೆಲ್ಲಗೆ ಕೇಳಿದಳು, ಆ ನೂಲುಂಡೆ ಎಲ್ಲವ್ವ. ಕೊಳ್ಳೇಗಾಲದ ಪೆಟ್ಟಿಗೆಯಲ್ಲಿ ಬಿಸಾಡಿ ಬಂದಿದ್ದೇನೆ ಅಂತ ಯಾವ ಬಾಯಲ್ಲಿ ಹೇಳಲಿ, ಇಲಿ ತಿಂತು ಕಣವ್ವ, ಅಂದುಬಿಟ್ಟೆ. ಅಷ್ಟು ಹೊತ್ತಿಗೆ ಕಂಡಿತು, ನನ್ನ ಕೌದಿಗೆ ಮೂರೇ ಮೂಲೆ, ನಾಲ್ಕನೆಯ ಕೆಂಪು ಚೌಕಳಿ ಇಲ್ಲ, ಅದೇನಾಯ್ತವ್ವ ಅಂದೆ. ಅವ್ವ ಕೂಸಿನ ಮುಖ ನೋಡುತ್ತಾ, ಅದೂ ಇಲಿ ತಿಂತು, ಅಂದಳು. ಇಲಿ ಅಷ್ಟು ನೇರಕ್ಕೆ ತಿನ್ನುತ್ತದೆಯೇ, ಗೆರೆ ಎಳೆದ ಹಾಗೆ? ಮೂರು ವರ್ಷ ಬಿಟ್ಟು ಜ್ವರ ಬಂದು ಅವ್ವ ಹೋದಾಗ ಮೈಮೇಲೆ ಅದೇ ಕೌದಿ, ಎಲ್ಲರೂ ಅವಳ ಮುಖ ನೋಡಿ ಅಳುತ್ತಿದ್ದರು, ನಾನು ಆ ಇಲ್ಲದ ಮೂಲೆ ನೋಡುತ್ತಾ ನಿಂತಿದ್ದೆ, ಉಂಡೆ ಇದೆ ಕಣವ್ವ, ಇಲಿ ತಿಂದಿಲ್ಲ ಕಣವ್ವ, ಹೇಳಬೇಕಿತ್ತು, ಹೇಳಲಿಲ್ಲ, ಆಮೇಲೆ ಯಾರಿಗೆ ಹೇಳುವುದು.

ಮನೆಗೆ ಬಂದು ಪೆಟ್ಟಿಗೆ ತೆರೆದು ನೋಡಿದೆ, ಇತ್ತು, ಅಂದಿನಿಂದ ಸೀರೆಗಳ ಅಡಿಯಲ್ಲೇ ಇತ್ತು, ಮುಟ್ಟಲೂ ಭಯ, ಅವ್ವನ ಕೈಯಿಂದ ಉಳಿದದ್ದು ಅದೊಂದೇ, ಹೊಲಿದರೆ ಮುಗಿಯುತ್ತದೆ, ಹೊಲಿಯದಿದ್ದರೆ ಕೊಳೆಯುತ್ತದೆ. ಈಗ ರೇಷ್ಮೆ ಲಡಿಯ ಪಕ್ಕದಲ್ಲಿ ಕೂತಿದೆ. ಶಿವರತ್ನ ಸೊಂಟ ಹಿಡಿದುಕೊಂಡು ಎದ್ದು ಬಂದಳು, ಇದೇನವ್ವ, ಬೆರಣಿ ಚೂರಾ, ನಗುತ್ತಾಳೆ, ಆಗಬೇಕಾದದ್ದೇ ನನಗೆ. ಕೂತ್ಕೊ ಮಗಳೇ, ಕಾಲು ಚಾಚು. ಊದಿಕೊಂಡ ಅವಳ ಹೆಬ್ಬೆರಳಿಗೆ ನೂಲು ಸಿಕ್ಕಿಸಿ ಎಳೆದೆ, ಪಟಕ್ — ತುಂಡಾಯಿತು. ಇನ್ನೊಂದು ಸುತ್ತು ಬಿಚ್ಚಿದೆ, ಅದೂ ಹಿಟ್ಟು ಹಿಟ್ಟು. ನಾ ಏಳಿರ್ಲಿಲ್ವಾ, ರೇಸ್ಮೆ ತಕ, ಅನ್ನುತ್ತಾಳೆ ಶಿವರತ್ನ. ನಿನ್ನ ಮೊದಲ ಕೌದಿ ರೇಷ್ಮೆಯದೇ ಕಣೇ, ಐದು ತಿಂಗಳಿಗೆ ಹರಿದು ಚಿಂದಿ, ನಿನ್ನಜ್ಜಿ ತಂದ ಈ ಉಂಡೆ ನೋಡಿ ನಕ್ಕೆ, ಇಲಿ ತಿಂತು ಅಂತ ಸುಳ್ಳು ಹೇಳಿದೆ, ಅಂದುಬಿಟ್ಟೆ, ಇಪ್ಪತ್ತು ವರ್ಷದ ಮಾತು ಒಂದೇ ಉಸಿರಿಗೆ. ಅವಳ ನಗು ನಿಂತಿತು, ಕಾಲು ಹಿಂದಕ್ಕೆಳೆಯಲಿಲ್ಲ. ಬಿಚ್ಚಿದೆ, ಬಿಚ್ಚಿದೆ, ಲಡ್ಡಾದ ನೂಲು ಮಡಿಲ ತುಂಬ, ಉಂಡೆ ನಿಂಬೆಯಷ್ಟಾಯಿತು, ನೆಲ್ಲಿಯಷ್ಟಾಯಿತು, ಅಲ್ಲಿ ನೂಲು ಬೆಳ್ಳಗಿತ್ತು, ಗಾಳಿ ಧೂಳು ಕಾಣದ ನೂಲು, ಎಳೆದೆ — ತಡೆಯಿತು, ಮತ್ತೆ ಎಳೆದೆ, ಅವಳ ಹೆಬ್ಬೆರಳು ಕೆಂಪಾಯಿತು, ನೂಲು ಕದಲಲಿಲ್ಲ. ಇಡೀ ಕೌದಿಗೆ ಸಾಲದು, ಒಂದು ಮೂಲೆಗೆ ಸಾಕು, ಮೂಲೆಗೆ ಏನಿಡಬೇಕು ಅಂತ ನಿಂಗೇ — ಅವ್ವೋ, ಒಳಗೇನೋ ಅದೆ ನೋಡು, ಅಂದಳು ಮಗಳು, ಬಟ್ಟೆ, ಸುರುಳಿ ಸುತ್ತಿ, ಅದರ ಮೇಲೇ ನೂಲು ಸುತ್ತಿ — ಬಿಡಿಸಿದೆ, ನಾಲ್ಕು ಬೆರಳಗಲ, ಅಂಚಿಗೆ ಇಲಿಯ ಹಲ್ಲಿಲ್ಲ, ಕತ್ತರಿಯ ನೇರ, ಕೆಂಪು ಚೌಕಳಿ, ಕೆನ್ನೆಗೆ ಒತ್ತಿದೆ, ಕಣ್ಣು ಮುಚ್ಚಿತು, ಮುಚ್ಚಿದ ಕಣ್ಣೊಳಗೂ ಕೆಂಪು ಚೌಕಳಿ, ಕೆಂಪು ಚೌಕಳಿ —