ಎರಡು ಆಫ್ ಟೀ

ವೆಂಕಟೇಶ ಕೆಟ್ಟವನಾಗಿದ್ದಿದ್ದರೆ ಚಲುವಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಶೀಳನೆರೆ ರಸ್ತೆಯ ಸಕ್ಕರೆ ಕಾರ್ಖಾನೆಗೆ ಕಂಪ್ಯೂಟರು ಬಂದಾಗಿನಿಂದ ಅವುಗಳ ಉಸ್ತುವಾರಿ ಅವಳದೇ. ನಾಗಮಂಗಲದ ಅಕ್ಕಸಾಲಿಗರ ಮನೆಯ ಮಗಳು. ಕೇಬಲ್ಲಿನೊಳಗಿನ ಸಣ್ಣ ತಂತಿಗಳನ್ನು ಬಣ್ಣದ ಪ್ರಕಾರ ಸಾಲಾಗಿ ಹಿಡಿದು ಇಕ್ಕಳದಲ್ಲಿ ಒತ್ತುವಾಗ ಅವಳ ಬೆರಳುಗಳಲ್ಲಿ ಅಪ್ಪನ ಬೆರಳುಗಳು ಕಾಣುತ್ತಿದ್ದವು. ಆಫೀಸಿನಿಂದ ಗೇಟಿನ ಪಕ್ಕದ ತೂಕದ ಮನೆಯವರೆಗೆ ಕೇಬಲ್ ಎಳೆಸಿದವಳೂ ಅವಳೇ. ಕಬ್ಬಿನ ಟ್ರಾಕ್ಟರು ತೂಕಕ್ಕೆ ನಿಂತರೆ ಅದರ ತೂಕ ಆ ಕೇಬಲ್ಲಿನಲ್ಲೇ ಆಫೀಸಿಗೆ ಬರಬೇಕು.

೧೯೯೯ರಲ್ಲಿ ಕಬ್ಬು ಹೆಚ್ಚಿತು, ತೂಕದ ಮನೆಯಲ್ಲಿ ಕಂಪ್ಯೂಟರುಗಳೂ ಹೆಚ್ಚಿದವು. ಒಂದು ಕೇಬಲ್ ಸಾಲದಾಯಿತು. ಆಗ ಬಂದವನು ವೆಂಕಟೇಶ. ಕ್ಯಾತನಹಳ್ಳಿಯ ಕಬ್ಬಿನ ಮನೆತನದ ಹುಡುಗ, ಮೈಸೂರಿನಲ್ಲಿ ನೆಟ್‌ವರ್ಕ್ ಕೆಲಸ ಕಲಿತವನು. ಬಂದವನೇ, "ಇನ್ನೊಂದ್ ಕೇಬಲ್ ಎಳ್ಯಣ ಸಾರ್. ಎಲ್ಡೂ ತುದೀಲಿರೋ ಸ್ವಿಚ್ಚಿಗೆ ಈ ಎಲ್ಡೂ ಒಂದೇ ಲೈನು ಅಂತ ಏಳ್ಕೊಟ್ಬುಟ್ರೆ ಆಯ್ತು. ಒಂದು ಕಿತ್ತೋದ್ರೂ ಇನ್ನೊಂದು ಎಳೀತದೆ" ಎಂದ.

ಮ್ಯಾನೇಜರ್ ಮಹದೇವಸ್ವಾಮಿ ಮೇಜು ತಟ್ಟಿದರು. "ಭೇಷ್ ಕಣಯ್ಯ! ಇಷ್ಟು ವರ್ಷ ಯಾರಿಗೂ ಒಳೀಲಿಲ್ವಲ್ಲ ಇದು!"

'ಯಾರಿಗೂ' ಎಂದರೆ ತನಗೇ ಎಂದು ಚಲುವಮ್ಮನಿಗೆ ಗೊತ್ತಿತ್ತು.

ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳಾದ ಆ ಸ್ವಿಚ್ಚುಗಳಿಗೆಂದೇ ಆಫೀಸಿನ ಹಿಂದೆ ಗಾಜಿನ ಬಾಗಿಲಿನ ತಂಪು ಕೋಣೆಯೊಂದು ತಯಾರಾಗಿತ್ತು. ಎರಡು ಲೈನು ಒಂದಾದ ಮೇಲೆ ಅದರ ಬೀಗದ ಕೈ ಯಾರಿಗೆಂದು ಹೇಳುತ್ತೇನೆ ಎಂದಿದ್ದರು ಮಹದೇವಸ್ವಾಮಿ. ಆ ಕೋಣೆಗಾಗಿ ವರ್ಷಗಟ್ಟಲೆ ಕೇಳಿದವಳು ಅವಳು. ಈಗ ಆ ಗಾಜಿನ ಹಿಂದೆ ವೆಂಕಟೇಶ ಕೂತಂತೆ ಕಲ್ಪಿಸಿಕೊಂಡರೆ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಬಿಡುತ್ತಿದ್ದಳು.

ಅವನೋ, ಅವಳ ಹೆಬ್ಬೆರಳು ನೋಯುವುದನ್ನು ನೋಡಿ, ಕೇಳದೆಯೇ ಕೇಬಲ್ಲಿನ ಸಿಪ್ಪೆ ಸುಲಿದು ಕೊಡುತ್ತಿದ್ದ. ಸ್ವಿಚ್ಚಿನಲ್ಲಿ ಪ್ರತಿ ಲೈನಿಗೂ ಒಂದು ಹೆಸರು ಬರೆಯಬಹುದು. ಹಳೆಯ ಲೈನಿಗೆ 'ಚಲುವಕ್ಕ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದ.

"ನೀವ್ ಎಳ್ಸಿದ್ದಲ್ವಾ ಅಕ್ಕ, ನಿಮ್ ಎಸ್ರೇ ಇರ್ಲಿ."

ಎಲ್ಲರೂ ಮೆಚ್ಚಿ ನಕ್ಕರು. ಸತ್ತವರ ಹೆಸರನ್ನು ಬೀದಿಗೆ ಇಟ್ಟ ಹಾಗಾಯಿತು ಎಂದುಕೊಂಡಳು ಚಲುವಮ್ಮ.

ದಿನಾ ಮಧ್ಯಾಹ್ನ ಕ್ಯಾಂಟೀನಿಗೂ ಅವನೇ ಕರೆಯುತ್ತಿದ್ದ. "ಚಿಕ್ಕಬೋರವ್ವ, ಎಲ್ಡು ಆಫ್ ಟೀ!" ಆ ಸೀಮೆಯಲ್ಲಿ ಹಾಫ್ ಎಂದರೆ ಆಫೇ. ಅರ್ಧ ಲೋಟ ಟೀ ಬರುತ್ತಿತ್ತು, ಕುಡಿಯುತ್ತಿದ್ದರು.

ಎರಡು ಲೈನನ್ನು ಒಂದು ಮಾಡುವ ದಿನ ಅವನು ತೂಕದ ಮನೆಯ ಸ್ವಿಚ್ಚಿನ ಮುಂದೆ ಕೂತ, ಅವಳು ಆಫೀಸಿನ ಸ್ವಿಚ್ಚಿನ ಮುಂದೆ. ನಡುವೆ ಕಾರ್ಖಾನೆಯ ಒಳಫೋನು. ಲೈನುಗಳನ್ನು 'ಫುಲ್' ಇಟ್ಟರೆ ಎರಡು ಕಡೆಯವರೂ ಒಟ್ಟಿಗೆ ಮಾತಾಡಬಹುದು, 'ಹಾಫ್' ಇಟ್ಟರೆ ಒಬ್ಬರಾದ ಮೇಲೆ ಒಬ್ಬರು. ಯಾವುದಾದರೂ ಸರಿ, ಎರಡೂ ತುದಿ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಜೋಡಿ ಕೂಡುವುದಿಲ್ಲ. ಇದನ್ನು ಅವನು ಹಿಂದಿನ ದಿನವೇ ಅವಳಿಗೆ ಹೇಳಿದ್ದ. ಅವಳಿಗೂ ಅದು ಗೊತ್ತಿದ್ದದ್ದೇ.

ಫೋನು ಬಂತು.

"ಅಕ್ಕ, ಈ ಕಡೆ ಸ್ವಿಚ್ಚು ಅಳೇದು ಕಣಕ್ಕ, ಫುಲ್ಲು ಇಡೀತಾನೇ ಇಲ್ಲ. ನಿಮ್ ಕಡೆ ಎಲ್ಡು ಲೈನೂ ಆಫ್ ಮಾಡ್ಬುಡಿ."

ಅವಳ ಕೈ ಕೀಲಿಮಣೆಯ ಮೇಲೆ ನಿಂತಿತು.

"ಆಫ್?" ಎಂದಳು.

"ಊಂ ಕಣಕ್ಕ, ಆಫು."

ಅವಳು ಆಫ್ ಮಾಡಿದಳು. ಮೊದಲು ಹೊಸ ಲೈನು, ಆಮೇಲೆ 'ಚಲುವಕ್ಕ'. ಸ್ವಿಚ್ಚಿನ ಮೇಲಿನ ಎರಡು ಹಸಿರು ದೀಪ ಆರಿದವು.

ತೂಕದ ಮನೆಯ ಕಂಪ್ಯೂಟರುಗಳೆಲ್ಲ ನಿಂತಲ್ಲೇ ನಿಂತವು. ಒಳಫೋನು ಬಡಿದುಕೊಂಡಿತು, ಅವಳು ಎತ್ತಲಿಲ್ಲ. ಎದ್ದು ಅಂಗಳಕ್ಕೆ ಬರುವಷ್ಟರಲ್ಲಿ ಟ್ರಾಕ್ಟರುಗಳ ಹಾರನ್ನು ಶುರುವಾಗಿತ್ತು.

ಬೂಕನಕೆರೆಯ ನರಸಯ್ಯ ಟ್ರಾಕ್ಟರಿನ ಮೇಲೇ ಎದ್ದು ನಿಂತಿದ್ದ. "ಏನ್ರಲಾ, ಕಬ್ಬು ಒಣಗಿ ಸೌದೆ ಆಗೋಗಂಟ ನಿಲ್ಸ್ಕತೀರಾ?"

"ಕಂಪೂಟ್ರು ಕೆಟ್ಟೋಯ್ತಂತೆ ಕಣಣ್ಣ," ಎಂದ ಮುಂದಿನ ಟ್ರಾಕ್ಟರಿನವನು.

"ಅದ್ಕೆ ನನ್ ಕಬ್ಬೇನ್ ಮಾಡ್ತದ್ಲಾ? ತಕ್ಕಡಿ ತಂದ್ ನೇತಾಕಿ!"

ಮಹದೇವಸ್ವಾಮಿ ಓಡಿಬಂದರು. "ಯಾರ್ರೀ ಇದು ಮಾಡಿದ್ದು?"

"ಆಫ್ ಮಾಡಿ ಅಂದ ಸಾರ್, ಮಾಡಿದೆ," ಎಂದಳು ಚಲುವಮ್ಮ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ತೂಕದ ಮನೆಯ ಬಾಗಿಲಲ್ಲಿ ನಿಂತಿದ್ದ ವೆಂಕಟೇಶ ಅವಳ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದವನು ತಡೆದು, ಮ್ಯಾನೇಜರ ಕಡೆ ತಿರುಗಿದ.

"ನನ್ ತಪ್ಪು ಸಾರ್. ಅರ್ಧ ಅನ್ಬೇಕಿತ್ತು, ಆಫ್ ಅಂದ್ಬುಟ್ಟೆ. ನನ್ ನಾಲ್ಗೇಲಿ ಆ ಅಕ್ಸರ ಒರಳಾಕಿಲ್ಲ. ಅಕ್ಕ ನಾನೇಳಿದ್ನೇ ಮಾಡವ್ರೆ."

ನರಸಯ್ಯ ಬಿದ್ದು ಬಿದ್ದು ನಕ್ಕ. ಮಹದೇವಸ್ವಾಮಿ ನಗಲಿಲ್ಲ. "ನಾಲಿಗೆ ನೆಟ್ಟಗಿಲ್ಲದೋನ ಕೈಗೆ ಕಾರ್ಖಾನೆ ಕೊಡೋಕಾಗ್ತದೇನಯ್ಯ?" ಎಂದು ಅಷ್ಟು ಜನರ ಮುಂದೆ ಗದರಿ, ಜೇಬಿನಿಂದ ಬೀಗದ ಕೈ ತೆಗೆದರು. "ಚಲುವಮ್ನೋರೇ, ಆ ಕೋಣೆ ನೀವೇ ನೋಡ್ಕೊಳಿ. ಮೊದ್ಲು ಇದನ್ನ ಸರಿಮಾಡಿ."

ಅವಳು ಒಳಗೆ ಹೋಗಿ ಎರಡು ಲೈನನ್ನೂ ಹಾಫ್‌ಗೆ ಇಟ್ಟು ತೆರೆದಳು. ಸ್ವಲ್ಪ ಹೊತ್ತಿಗೆ ದೀಪಗಳು ಹಸಿರಾದವು, ಎರಡೂ ಒಂದಾದವು. ತೂಕಗಳು ಹಿಂದೆಂದೂ ಬಾರದ ವೇಗದಲ್ಲಿ ಬಂದವು. ಹುಡುಗನ ಕೆಲಸದಲ್ಲಿ ಕುಂದೇ ಇರಲಿಲ್ಲ. ಪರದೆಯಲ್ಲಿ ಅವಳ ಹೆಸರು ಅವನು ಬರೆದಂತೆಯೇ ಇತ್ತು.

ಬೀಗದ ಕೈಯನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇಷ್ಟು ದಿನ ಅವನ ವಿದ್ಯೆಯ ಮೇಲೆ ಹೊಟ್ಟೆಕಿಚ್ಚು. ಈಗ ಅಷ್ಟು ಜನರ ಮುಂದೆ ಅವಳನ್ನು ಬಿಟ್ಟುಕೊಡದ ಅವನ ಮನಸ್ಸಿನ ಮೇಲೆ. ವಿದ್ಯೆಯನ್ನಾದರೆ ಮೈಸೂರಿಗೆ ಹೋಗಿ ಕಲಿಯಬಹುದಿತ್ತು.

ಮಧ್ಯಾಹ್ನ ಅವನು ಕರೆಯಲು ಬರಲಿಲ್ಲ. ಅವಳೇ ಕ್ಯಾಂಟೀನಿಗೆ ಹೋದಳು. ಅವಳನ್ನು ಕಂಡು ಅವನು ಬೆಂಚಿನಲ್ಲಿ ಜಾಗ ಬಿಟ್ಟು, ಒಲೆಯ ಕಡೆ ತಿರುಗಿ, ಎದೆತುಂಬ ಉಸಿರೆಳೆದುಕೊಂಡ. "ಚಿಕ್ಕಬೋರವ್ವ, ಎಲ್ಡು... ಹ್ಹಾಫ್ ಟೀ."

ಚಿಕ್ಕಬೋರಮ್ಮ ಸೌಟು ಹಿಡಿದೇ ತಿರುಗಿದಳು. "ಅದ್ಯಾಕ್ಲಾ ನಾಯಿ ಅಟ್ಟಿಸ್ಕ ಬಂದೋನಂಗೆ ಏದುಸ್ರು ಬುಡ್ತೀಯ? ಆಫ್ ಅಂದ್ರೆ ನಂಗ್ ತಿಳಿಯಾಕಿಲ್ವಾ?"

ಅವನು ತಲೆ ತಗ್ಗಿಸಿದ.

"ಆಫ್ ಅಂತಲೇ ಹೇಳೋ," ಎಂದಳು ಚಲುವಮ್ಮ. ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು. "ನಂಗೂ ತಿಳೀತದೆ. ಬೆಳಿಗ್ಗೇನೂ ತಿಳಿದಿತ್ತು."

"ಗೊತ್ತು ಕಣಕ್ಕ."

ಟೀ ಬಂತು. ಅವಳ ಲೋಟದ ಸುತ್ತ ಅವನು ಕಾಗದದ ಚೂರು ಸುತ್ತಿಕೊಟ್ಟ. "ಬಿಸಿ ಐತೆ. ಎಬ್ಬೆಟ್ಟು ಜ್ವಾಪಾನ."

ಅವಳು ಬೀಗದ ಕೈಯನ್ನು ಎರಡು ಲೋಟಗಳ ನಡುವೆ ಇಟ್ಟಳು. ಇಬ್ಬರೂ ಅದನ್ನು ಮುಟ್ಟದೆ ಟೀ ಕುಡಿದರು. ಬೆಂಚು ಒರೆಸಲು ಬಂದ ಚಿಕ್ಕಬೋರಮ್ಮ ಅದನ್ನೆತ್ತಿ, "ಯಾರ್ದವ್ವ ಇದು?" ಎಂದಳು.

"ಅವನದು. ಸಾಹೇಬರಿಗೆ ನಾನೇ ಹೇಳ್ತೀನಿ," ಎಂದಳು ಚಲುವಮ್ಮ. ಹೇಳುವಾಗಲೂ ಅವಳ ಹೊಟ್ಟೆ ಉರಿಯಿತು.