ಸುಟ್ಟುಹಾಕಿದ ಹದಿನೆಂಟು ಪೆಟ್ಟಿಗೆ

ಜೇನುಪೆಟ್ಟಿಗೆಗೆ ರೋಗ ಬಿದ್ದರೆ ಮೊದಲು ಗೊತ್ತಾಗೋದು ಮೂಗಿಗೆ. ಮುಚ್ಚಳ ಎತ್ತಿದ ಕೂಡಲೇ ಹಳೇ ಗೋಂದಿನ ಡಬ್ಬಿಯಲ್ಲಿ ಮೀನು ಕೊಳೆತ ಹಾಗೆ ವಾಸನೆ. ಮರಿಗಳ ಕೋಣೆ ನೋಡಿದರೆ ಮೇಣದ ಮುಚ್ಚಳ ಒಳಕ್ಕೆ ಕುಸಿದಿರುತ್ತೆ. ಬೆಂಕಿಕಡ್ಡಿ ಚುಚ್ಚಿ ಎಳೆದರೆ ಮರಿ ಬರೋದಿಲ್ಲ, ಕಂದು ಬಣ್ಣದ ಅಂಟುನೂಲು ಬರುತ್ತೆ. ಅಷ್ಟು ಕಂಡರೆ ಮುಗೀತು, ಆ ಪೆಟ್ಟಿಗೆ ಉಳಿಯೋದಿಲ್ಲ.

ನಾನು ಜೇನು ಸಾಕುವವಳು. ನನಗೂ ನಮ್ಮ ಮನೆಯವರಿಗೂ ಇಪ್ಪತ್ತೊಂಬತ್ತು ಪೆಟ್ಟಿಗೆ ಇದ್ದವು. ಮೊದಲೇ ಹೇಳಿಬಿಡ್ತೀನಿ, ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಆಫೀಸಿನವರನ್ನು ಬೈಯೋ ಕಥೆ ಬೇಕಿದ್ದರೆ ಇದನ್ನು ಕೇಳಬೇಡಿ. ನಾನೂ ಬೇಕಾದಷ್ಟು ಬೈದಿದ್ದೀನಿ, ಅದರಿಂದ ಒಂದು ಹುಳುವೂ ವಾಪಸ್ ಬರಲಿಲ್ಲ.

ನಮ್ಮ ಮನೆಯವರು ಮೊದಲು ಸಿಮೆಂಟ್ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ಹನ್ನೊಂದು ವರ್ಷ ಆ ಧೂಳು ಕುಡಿದು ಎದೆಗೂಡು ಹಾಳಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು, "ಇನ್ನೊಂದು ಸಲ ಆ ಬಾಗಿಲು ತುಳಿದರೆ ನನ್ನ ಹತ್ರ ಬರಬೇಡಿ" ಅಂದಿದ್ದರು. ಆಮೇಲೇ ನಾವು ಜೇನಿಗೆ ಬಂದಿದ್ದು. ಕೂತು ಮಾಡೋ ಕೆಲಸ, ಮೆಲ್ಲಗೆ ಮಾಡೋ ಕೆಲಸ. ಅವರ ಕೈಗೆ ಹುಳುಗಳು ಎಷ್ಟು ಒಗ್ಗಿದ್ದವು ಅಂದರೆ ನನಗೆ ಹೊಟ್ಟೆಕಿಚ್ಚು ಬರುತ್ತಿತ್ತು. ನನ್ನನ್ನು ಕಂಡರೆ ಕಚ್ಚೋವು, ಅವರ ತೋಳಿನ ಮೇಲೆ ಹರಿದಾಡೋವು.

ಪೆಟ್ಟಿಗೆಗಳಿಗೆ ನಾವು ಹೆಸರಿಟ್ಟಿದ್ದೆವು. ಯಾವಾಗಲೂ ಸಿಟ್ಟಿನಲ್ಲಿರೋದು ಸಿಡುಕಿ. ಬಾಗಿಲ ಹತ್ತಿರದ್ದು ಕಾವಲುಗಾರ್ತಿ. ಮೂಲೆಯಲ್ಲಿ ತೆಪ್ಪಗಿರೋದು ಅತ್ತೆಮ್ಮ. ನಮ್ಮತ್ತೆ ತೆಪ್ಪಗಿರುತ್ತಿದ್ದವರಲ್ಲ, ಅದಕ್ಕೇ ತಮಾಷೆಗೆ ಇಟ್ಟಿದ್ದು.

ಹೋದ ವರ್ಷ ಒಂದು ಬೆಳಿಗ್ಗೆ ಅತ್ತೆಮ್ಮನ ಮುಚ್ಚಳ ಎತ್ತಿದೆ. ಆ ವಾಸನೆ ಬಡಿಯಿತು. ಒಂದೊಂದೇ ತೆಗೆದು ನೋಡಿದರೆ ಹದಿನೆಂಟರಲ್ಲಿ ರೋಗ.

ನಮ್ಮ ಬೇಲಿಯಾಚೆ ಹೊಗೆಯಜ್ಜ ಇದ್ದಾನೆ. ಜೇನಿಗೆ ಹೊಗೆ ಹಾಕೋ ಡಬ್ಬಿ ಸದಾ ಕೈಯಲ್ಲೇ ಇರೋದರಿಂದ ಆ ಹೆಸರು. ಅವನಿಗಿರೋದು ಆರೇ ಪೆಟ್ಟಿಗೆ, ಅದೇ ಅವನ ಬದುಕು. ಜೇನಿನವರಲ್ಲಿ ಒಂದು ನಡವಳಿಕೆ ಉಂಟು. ರೋಗ ಬಿದ್ದ ಪೆಟ್ಟಿಗೆಯನ್ನು ಯಾರೂ ಇಟ್ಟುಕೊಳ್ಳೋದಿಲ್ಲ. ಆ ಪೆಟ್ಟಿಗೆ ಬಡವಾದ ಕೂಡಲೇ ಪಕ್ಕದವರ ಹುಳುಗಳು ಜೇನುತುಪ್ಪ ಕದಿಯಲು ನುಗ್ಗುತ್ತವೆ, ತುಪ್ಪದ ಜೊತೆ ರೋಗವನ್ನೂ ಹೊತ್ತು ಮನೆಗೆ ಹೋಗುತ್ತವೆ. ಅದಕ್ಕೇ ಸಂಜೆ ಹುಳುಗಳೆಲ್ಲ ಒಳಗೆ ಸೇರಿದ ಮೇಲೆ ಗುಂಡಿ ತೋಡಿ, ಪೆಟ್ಟಿಗೆ ಸಮೇತ ಸುಟ್ಟು ಮಣ್ಣು ಮುಚ್ಚೋದು. ಮಾಡದೇ ಇದ್ದವನ ಜೊತೆ ಮಾತು ಬಿಡುತ್ತಾರೆ.

ಮನೆಯವರು, "ಸರ್ಕಾರದ ಜೇನು ಆಫೀಸಿಗೆ ಒಂದು ಮಾತು ಹೇಳೋಣ ಕಣೆ. ರೋಗಕ್ಕೆ ಪರಿಹಾರ ಕೊಡೋ ಯೋಜನೆ ಇದೆಯಂತಲ್ಲ" ಅಂದರು.

"ಹೇಳಿ ಅವರು ಬರೋಷ್ಟರಲ್ಲಿ ಅಜ್ಜನ ಆರೂ ಸಾಯುತ್ತವೆ. ನಾಳೆ ಅವನ ಮುಖ ಹೇಗೆ ನೋಡ್ಲಿ? ಪರಿಹಾರ ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ಕೇಳೋಣ" ಅಂದೆ ನಾನು.

ಅವತ್ತೇ ಸಂಜೆ ಹದಿನೆಂಟನ್ನೂ ಸುಟ್ಟೆ. ಮನೆಯವರಿಗೆ ಹೊಗೆ ಆಗೋದಿಲ್ಲ, ದೂರ ನಿಂತಿದ್ದರು. ಒಳಗಿಂದ ಬರೋ ಗುಂಯ್ ಶಬ್ದ ಒಮ್ಮೆ ಜೋರಾಗಿ ಆಮೇಲೆ ನಿಂತುಹೋಯಿತು.

ಮೂರನೇ ದಿನ ಆಫೀಸಿಗೆ ಹೋದೆವು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಒಳ್ಳೆಯವನೇ. ನೀರು ಕೊಟ್ಟ, ಕೂರಿಸಿದ, ಎಲ್ಲ ಕೇಳಿದ. ಕೇಳಿದ ಮೇಲೆ ಒಂದು ತೆಳ್ಳನೆ ಪುಸ್ತಕ ತೆಗೆದು ಮೊದಲ ಪುಟ ಬಿಡಿಸಿದ. ಮೇಲೆ 'ಪದಗಳ ವಿವರಣೆ' ಅಂತಿತ್ತು. ಅವನು ಬೆರಳಿಟ್ಟು ಓದಿದ:

"ಈ ಯೋಜನೆಯಲ್ಲಿ ನಷ್ಟ ಎಂದರೆ, ಪರಿವೀಕ್ಷಕರು ಸ್ಥಳದಲ್ಲಿ ನೋಡಿ ದಾಖಲಿಸಿದ, ಇಲ್ಲವೇ ಅವರ ಲಿಖಿತ ಆದೇಶದ ಮೇಲೆ ನಾಶಪಡಿಸಿದ ಜೇನು ಕುಟುಂಬ."

"ಹಾಗಾದ್ರೆ ನನ್ನ ಹದಿನೆಂಟು ಏನು? ನಷ್ಟ ಅಲ್ವಾ?" ಅಂದೆ.

"ನಿಮಗೆ ನಷ್ಟವೇ ಅಮ್ಮ. ನನಗೂ ಗೊತ್ತು. ಈ ಪುಸ್ತಕದ ಪ್ರಕಾರ ಅಲ್ಲ."

ನಾನು ಸುಮ್ಮನೆ ಎದ್ದು ಬರೋ ಜಾತಿಯವಳಲ್ಲ. ಮರುದಿನ ಗುಂಡಿ ಅಗೆದು ಬೂದಿ ಜರಡಿ ಹಿಡಿದೆ. ಮೊಳೆಗಳನ್ನೆಲ್ಲ ಆರಿಸಿ ಬಿಸ್ಕತ್ ಡಬ್ಬಿಗೆ ತುಂಬಿ ಒಯ್ದು ಆ ಕಿಟಕಿಯಲ್ಲಿ ಸುರಿದೆ. "ಒಂದು ಪೆಟ್ಟಿಗೆಗೆ ಮೂವತ್ತೆರಡು ಮೊಳೆ. ಎಣಿಸಿಕೊಳ್ಳಿ. ಹದಿನೆಂಟು ಪೆಟ್ಟಿಗೆ ಆಗುತ್ತೋ ಇಲ್ವೋ ನೋಡಿ" ಅಂದೆ. ಅವನು ಒಂದೊಂದೇ ಮೊಳೆ ಹೆಕ್ಕಿ ಮತ್ತೆ ಡಬ್ಬಿಗೆ ಹಾಕಿ ಕೊಟ್ಟ. "ಪೆಟ್ಟಿಗೆ ಇತ್ತು ಅಂತ ಮೊಳೆ ಹೇಳುತ್ತೆ. ಒಳಗೆ ಜೇನಿತ್ತು, ಅದಕ್ಕೆ ಈ ರೋಗವೇ ಇತ್ತು ಅಂತ ಹೇಳಲ್ಲ ತಾಯಿ" ಅಂದ. ಮೇಲಿನವರಿಗೆ ಅರ್ಜಿ ಬರೆದೆವು. ಹೊಗೆಯಜ್ಜ ಹೆಬ್ಬೆಟ್ಟು ಒತ್ತಿ, 'ಇವಳು ಸುಟ್ಟಿದ್ದರಿಂದಲೇ ನನ್ನ ಜೇನು ಉಳೀತು' ಅಂತ ಸಾಕ್ಷಿ ಬರೆಸಿದ. ಅಲ್ಲಿಂದಲೂ ಅದೇ ಸಾಲು ಉತ್ತರವಾಗಿ ಬಂತು.

ಮನೆಯವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಹನ್ನೊಂದರಲ್ಲಿ ಹೇಗೋ ದಿನ ತಳ್ಳುತ್ತಿದ್ದೆವು. ಆ ಹನ್ನೊಂದು ಹೋದರೆ ಇವರು ಮತ್ತೆ ಗೋದಾಮಿಗೇ. ಮೇಸ್ತ್ರಿ ಆಗಲೇ ಒಂದು ಸಲ ಬಾಗಿಲಿಗೆ ಬಂದು, "ಮೂಟೆ ಬೇಡಪ್ಪ, ಬಾಗಿಲಲ್ಲಿ ನಿಂತು ಎಣಿಸು ಸಾಕು" ಅಂದು ಹೋಗಿದ್ದ. ಬಾಗಿಲಲ್ಲಿ ನಿಂತರೆ ಧೂಳು ಕುಡಿಯೋದು ತಪ್ಪುತ್ತಾ?

ನಮ್ಮ ಬೀದಿಯಲ್ಲಿ ಟೈಲರಮ್ಮ ಇದ್ದಾಳೆ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಯಾವ ಕಾಗದ ಕೊಟ್ಟರೂ ಕೊನೆ ಚುಕ್ಕೆ ತನಕ ಓದುವವಳು. ಅವಳ ಹತ್ತಿರ ನನ್ನ ಗೋಳು ಹೇಳಿಕೊಂಡೆ.

"ಆ ಪುಸ್ತಕ ಇಸ್ಕೊಂಡು ಬಂದ್ಯಾ?" ಅಂದಳು.

"ನನಗೇಕೆ ಅದು? ಅದರ ಮುಖ ನೋಡಿದ್ರೆ ಹೊಟ್ಟೆ ಉರಿಯುತ್ತೆ."

"ಉರೀಲಿ. ನಾಳೆ ಹೋಗಿ ಇಸ್ಕೊಂಡು ಬಾ. ಗಿರಾಕಿ 'ಅಂಗಿ' ಅಂದ ಮಾತ್ರಕ್ಕೆ ನಾನು ಬಟ್ಟೆಗೆ ಕತ್ತರಿ ಹಾಕ್ತೀನಾ? ಎಷ್ಟುದ್ದ, ತೋಳು ಎಲ್ಲಿವರೆಗೆ, ಕೇಳ್ತೀನಿ. ಸರ್ಕಾರ 'ನಷ್ಟ' ಅಂದಾಗಲೂ ಅಷ್ಟೇ. ಅವರ ಅಳತೆ ಅವರು ಮೊದಲ ಪುಟದಲ್ಲೇ ಬರೆದಿರ್ತಾರೆ. ನೀನು ನಿನ್ನ ಅಳತೆಯಲ್ಲಿ ಹೊಲಿದು ಕೊಟ್ಟರೆ ಅವರ ಮೈಗೆ ಹಿಡಿಯಲ್ಲ."

"ಎಲ್ಲ ಸಾಯೋವರೆಗೂ ಅವರ ದಾರಿ ಕಾಯಬೇಕಾ ಹಾಗಾದ್ರೆ? ಅಜ್ಜನ ಜೇನಿನ ಗತಿ?"

"ಅದನ್ನೂ ಓದಿ ನೋಡೋಣ. ಓದೋಕೆ ಮುಂಚೆ ಜಗಳ ಯಾಕೆ?"

ಪುಸ್ತಕ ತಂದೆ. ಹೊಲಿಗೆ ಯಂತ್ರದ ಮೇಲೆ ಇಟ್ಟುಕೊಂಡು ಓದಿದೆವು. ಮೂರು ಸಾಲು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿವೆ. 'ಜೇನು ಕುಟುಂಬ' ಅಂದರೆ ರಾಣಿ ಇರುವ, ಹೊರಗೆ ಸಂಖ್ಯೆ ಬರೆದಿರುವ ಪೆಟ್ಟಿಗೆ. ನಮ್ಮ ಸಿಡುಕಿ, ಕಾವಲುಗಾರ್ತಿ ಯಾವುದಕ್ಕೂ ಸಂಖ್ಯೆಯೇ ಇರಲಿಲ್ಲ. 'ಸೂಚನೆ' ಅಂದರೆ ಇಂಥ ನಂಬರಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯೋದು, ರಜಾ ದಿನವಾದರೂ ಆಗುತ್ತೆ. 'ತಡೆ ಕ್ರಮ' ಅಂದರೆ ಪರಿವೀಕ್ಷಕರು ಬರೋತನಕ ಪೆಟ್ಟಿಗೆಯ ಬಾಗಿಲಿಗೆ ಗಾಳಿ ಆಡೋ ಜಾಲರಿ ಬಡಿದು, ಹುಳು ಹೊರಗೆ ಹೋಗದ ಹಾಗೆ, ಬೇರೆ ಹುಳು ಒಳಗೆ ಬರದ ಹಾಗೆ ಮಾಡೋದು.

ಟೈಲರಮ್ಮ ಕನ್ನಡಕ ತೆಗೆದಳು. "ನಂಬರ್ ಬರೆದು, ಫೋನ್ ಮಾಡಿ, ಜಾಲರಿ ಬಡಿದಿದ್ರೆ ಅಜ್ಜನ ಜೇನೂ ಉಳೀತಿತ್ತು, ನಿನ್ನ ನಷ್ಟವೂ ನಷ್ಟ ಆಗ್ತಿತ್ತು."

ಅಂಗೈಯಗಲ ಜಾಲರಿಯ ಕೆಲಸಕ್ಕೆ ನಾನು ಗುಂಡಿ ತೋಡಿದ್ದೆ. ಮನೆಗೆ ಬಂದು ಬಿಳಿ ಬಣ್ಣದಲ್ಲಿ ಒಂದರಿಂದ ಹನ್ನೊಂದರ ತನಕ ಬರೆದೆ. ಸಿಡುಕಿ ನಾಲ್ಕನೇ ನಂಬರ್ ಆದಳು, ಬರೆಯೋವಾಗ ಕೈಗೆ ಎರಡು ಸಲ ಕಚ್ಚಿದಳು.

ಮೂರು ತಿಂಗಳಿಗೆ ಮತ್ತೆ ಆ ವಾಸನೆ ಬಂತು. ಈ ಸಲ ಐದು ಪೆಟ್ಟಿಗೆ. ನಾಲ್ಕನೇ ನಂಬರೂ ಅದರಲ್ಲಿತ್ತು.

ನನ್ನ ಕೈ ತಾನಾಗಿ ಗುದ್ದಲಿ ಕಡೆ ಹೋಯಿತು. ಅಭ್ಯಾಸ ಅಂದರೆ ಹಾಗೇ. ಬೇಲಿಯಾಚೆ ಅಜ್ಜ ನಿಂತಿದ್ದ. "ಸುಡಲ್ವೇನಮ್ಮ?" ಅಂದ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು.

ಮನೆಯವರೂ ಅಳುಕಿದರು. "ಏನಾದ್ರೂ ಆಗಿ ಅಜ್ಜನ ಜೇನು ಹೋದ್ರೆ, ಪರಿಹಾರದ ಆಸೆಗೆ ಹೀಗೆ ಮಾಡಿದ್ವಿ ಅಂತ ಆಗುತ್ತೆ ಕಣೆ. ಸುಟ್ಟುಬಿಡು. ನಾನು ಗೋದಾಮಿಗೆ ಹೋಗ್ತೀನಿ" ಅಂದರು.

ಆ ಮಾತು ಕೇಳಿಯೂ ನಾನು ಪಟ್ಟು ಬಿಡಲಿಲ್ಲ. "ಹೋದ ಸಲ ನನ್ನ ಮಾತು ನೀವು ಕೇಳಿದ್ರಿ, ಕೆಟ್ಟೆವು. ಈ ಸಲ ಪುಸ್ತಕದ ಮಾತು ಕೇಳೋಣ" ಅಂದೆ. ಮೊದಲು ಫೋನ್ ಮಾಡಿದೆ, ದೂರಿನ ಸಂಖ್ಯೆಯನ್ನು ಗೋಡೆ ಮೇಲೆ ಇದ್ದಿಲಲ್ಲಿ ಬರೆದೆ. ಸಂಜೆ ಹುಳು ಒಳಗೆ ಸೇರಿದ ಮೇಲೆ ಐದಕ್ಕೂ ಜಾಲರಿ ಬಡಿದೆವು. ಸಂದು ಸಂದಿಗೆ ಮಣ್ಣು ಮೆತ್ತಿ, ಮೇಲೆ ಒದ್ದೆ ಗೋಣಿ ಹೊದಿಸಿದೆವು. ಅಜ್ಜ ಬೇಲಿ ದಾಟಿ ಬಂದು ಒಂದೊಂದು ಸಂದನ್ನೂ ಬೆರಳಿಂದ ಮುಟ್ಟಿ ನೋಡಿದ. ನಮ್ಮನ್ನು ನಂಬಲಿಲ್ಲ ಅಂತ ಬೇಜಾರಾಯಿತು. ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಪರಿವೀಕ್ಷಕಿ ಬಂದಿದ್ದು ಮೂರನೇ ದಿನ. ಚಿಕ್ಕ ವಯಸ್ಸಿನ ಹುಡುಗಿ, ದಪ್ಪ ಬೂಟು. ಬೆಂಕಿಕಡ್ಡಿ ಚುಚ್ಚಿ ನೂಲು ಎಳೆದು ನೋಡಿದಳು. ಪೆಟ್ಟಿಗೆ ಮೇಲಿನ ನಂಬರ್ ಕಾಣೋ ಹಾಗೆ ಫೋಟೊ ತೆಗೆದಳು. ಐದೂ ನಾಶಪಡಿಸಿ ಅಂತ ಬರೆದು ಸಹಿ ಹಾಕಿ ಕೊಟ್ಟಳು. ಆಮೇಲೆ ಅಜ್ಜನ ಆರನ್ನೂ ನೋಡಿದಳು. ರೋಗ ಇರಲಿಲ್ಲ. ಅಜ್ಜ ಸದಾ ಕೈಯಲ್ಲಿರೋ ಹೊಗೆಡಬ್ಬಿಯನ್ನು ಕೆಳಗಿಟ್ಟ.

ಅವಳು ಹೊರಡೋವಾಗ ತಡೆಯಲಾರದೆ ಕೇಳಿದೆ. "ಮೊದಲಿನ ಹದಿನೆಂಟಕ್ಕೆ ಏನೂ ಮಾಡೋಕಾಗಲ್ವಾ ತಾಯಿ?"

ಅವಳು ಗುಂಡಿಯ ಕಡೆ ನೋಡಿದಳು. ಅಲ್ಲಿ ಆಗಲೇ ಹುಲ್ಲು ಬೆಳೆದಿತ್ತು. "ಅವತ್ತು ಒಂದು ಫೋನ್ ಬಂದಿದ್ರೆ ನಾನೇ ಬರ್ತಿದ್ದೆ ಅಮ್ಮ" ಅಂದಳು.

ಸಿಡುಕಿಯನ್ನೂ ಸುಟ್ಟೆವು. ಈ ಸಲ ಕಾಗದ ಕೈಯಲ್ಲಿ ಹಿಡಿದು ಸುಟ್ಟೆವು, ಸಂಕಟವೇನೂ ಕಮ್ಮಿ ಇರಲಿಲ್ಲ.

ಐದಕ್ಕೆ ಪರಿಹಾರ ಮಂಜೂರಾಗಿದೆ. ಹೂ ಬಿಡೋ ಕಾಲಕ್ಕೆ ಐದು ಹೊಸ ಕುಟುಂಬ ತರುತ್ತೇವೆ. ಅಲ್ಲಿವರೆಗೆ ಆರು ಪೆಟ್ಟಿಗೆಯಲ್ಲಿ ಎರಡು ಹೊಟ್ಟೆ ನಡೆಯೋದಿಲ್ಲ. ಇವರು ಗೋದಾಮಿನ ಬಾಗಿಲಲ್ಲಿ ನಿಂತು ಮೂಟೆ ಎಣಿಸುತ್ತಿದ್ದಾರೆ. ಸಂಜೆ ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಾರೆ. ಮುಚ್ಚಳ ತೆಗೆದು ನೋಡೋಣ ಅಂದರೆ ಹೊಗೆ ಹಾಕಬೇಕು, ಈಗ ಅಷ್ಟು ಹೊಗೆಗೂ ಕೆಮ್ಮು ನಿಲ್ಲೋದಿಲ್ಲ. ಅದಕ್ಕೆ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿರುತ್ತಾರೆ. ಹದಿನೆಂಟಕ್ಕೂ ಪರಿಹಾರ ಬಂದಿದ್ದರೆ ಇವರು ಆ ಬಾಗಿಲು ತುಳಿಯಬೇಕಿರಲಿಲ್ಲ. ಅದನ್ನು ಅವರೂ ಹೇಳೋದಿಲ್ಲ, ನಾನೂ ಹೇಳೋದಿಲ್ಲ. ನಿಮಗೆ ಹೇಳ್ತಿದ್ದೀನಿ.

ನೀವು ದನ ಸಾಕುವವರಿರಬಹುದು, ಹಣ್ಣು ಬೆಳೆಯುವವರಿರಬಹುದು, ಇನ್ನೊಬ್ಬರ ಜಮೀನು ಗೇಯುವವರಿರಬಹುದು. ಯೋಜನೆ ಬೇರೆಯಾದರೆ ಮಾತಿನ ಅರ್ಥವೂ ಬೇರೆಯಾಗುತ್ತೆ, ಆದ್ದರಿಂದ ನನ್ನ ಪುಸ್ತಕದ ಸಾಲು ನಿಮಗೆ ಆಗಿಬರೋದಿಲ್ಲ, ನಿಮ್ಮದನ್ನು ನೀವೇ ಕೇಳಿ ತನ್ನಿ. ರೈತ ಅಂದರೆ ಯಾರು, ಕುಟುಂಬ ಅಂದರೆ ಎಷ್ಟು ಜನ, ನಷ್ಟ ಅಂದರೆ ಏನು, ಎಷ್ಟು ದಿನದೊಳಗೆ ಯಾರಿಗೆ ತಿಳಿಸಬೇಕು, ಇಷ್ಟನ್ನು ಮೊದಲೇ ಓದಿ. ಓದೋಕೆ ಬರದಿದ್ದರೆ ಓದುವವರ ಪಕ್ಕ ಕೂತುಕೊಳ್ಳಿ, ಸಂಘದಲ್ಲಿ ಜೋರಾಗಿ ಓದಿಸಿ. ಅರ್ಥ ಆಗದ ಸಾಲಿಗೆ ಬೆರಳಿಟ್ಟು ಆಫೀಸಿನಲ್ಲೇ ಕೇಳಿ, ನಾಚಿಕೊಳ್ಳಬೇಡಿ. ಸುಡೋಕೆ ಮುಂಚೆ, ಹೂಳೋಕೆ ಮುಂಚೆ, ಕೀಳೋಕೆ ಮುಂಚೆ ಒಂದು ಫೋನ್ ಮಾಡಿ.

ಆ ಮೊಳೆಗಳ ಡಬ್ಬಿ ಇನ್ನೂ ನಮ್ಮ ಕಿಟಕಿಯಲ್ಲಿದೆ. ಯಾರಾದರೂ "ಆಮೇಲೆ ಕೇಳೋಣ ಬಿಡು" ಅಂದರೆ ಅದನ್ನು ಅವರ ಕೈಗೆ ಕೊಡ್ತೀನಿ. ಭಾರ ಇದೆ. ಹಿಡಿದು ನೋಡಿ, ಆಮೇಲೆ ಮನೆಗೆ ಹೋಗಿ ನಿಮ್ಮ ಪುಸ್ತಕದ ಮೊದಲ ಪುಟ ತೆಗೆಯಿರಿ.